ಅಣೆಕಟ್ಟುಗಳೂ ಮೀನುಗಳ ಮರುಪ್ರಯಾಣವೂ

ನದಿಗೆ ಅಣೆ ಕಟ್ಟಿದರೆ ಮೀನು ಮೇಲಕ್ಕೆ ಏರಲಾರದೆಂಬುದನ್ನು ಎಲ್ಲರೂ ಬಲ್ಲರು. ಮೊಟ್ಟೆಯಿಟ್ಟ ಮೀನು ಮತ್ತೆ ಕೆಳಕ್ಕೆ ಇಳಿಯಬೇಕೆಂಬುದನ್ನಾದರೋ ನಾವು ಬಹುಮಟ್ಟಿಗೆ ಮರೆಯುತ್ತೇವೆ. ಈ ಮರುಪ್ರಯಾಣವನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ನದಿಗಳನ್ನು ಮುಂದಿಟ್ಟುಕೊಂಡು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ವಿಷಯದಲ್ಲಿ ಸಾಲ್ಮನ್ ಮೀನು ಜಗತ್ಪ್ರಸಿದ್ಧವಾದುದು. ಪೆಸಿಫಿಕ್ ಸಾಗರದ ಸಾಲ್ಮನ್‌ಗಳಲ್ಲಿ ಹೆಚ್ಚಿನವು ಮೊಟ್ಟೆಯಿಟ್ಟ ಬಳಿಕ ಸಾಯುತ್ತವೆ. ಅಟ್ಲಾಂಟಿಕ್ ಸಾಲ್ಮನ್‌ಗಳಲ್ಲಿ ಕೆಲವು ಬದುಕುಳಿದು ಕಡಲಿಗೆ ಮರಳಿ, ಇನ್ನೊಮ್ಮೆ ನದಿಯನ್ನೇರುತ್ತವೆ. ನದಿಯಲ್ಲಿ ಆಹಾರವಿಲ್ಲದೆ ಕೃಶವಾದ ಇವು ಜಲಾಶಯದ ನಿಂತ ನೀರಿನಲ್ಲಿ ದಾರಿಗಾಣದೆ ತಡೆಯುತ್ತವೆ. ಪ್ರವಾಹದೊಡನೆ ಸಾಗಿ ಟರ್ಬೈನುಗಳಿಗೆ ಸಿಕ್ಕುವುದೂ ಉಂಟು. ಏರುವ ಮೀನಿಗೆಂದು ಕಟ್ಟಿದ ಸೋಪಾನಗಳು ಇಳಿಯುವ ಮೀನಿಗೆ ಅಷ್ಟಾಗಿ ಒದಗುವುದಿಲ್ಲ.

ನಮ್ಮ ದೇಶದಲ್ಲಿ ಇಂಥದೇ ಪ್ರಯಾಣವನ್ನು ಕೈಗೊಳ್ಳುವುದು ಹಿಲ್ಸಾ. ಅದು ಕಡಲಿನಿಂದ ನದಿಗೆ ಬಂದು, ಮೊಟ್ಟೆಯಿಟ್ಟು, ಹಿಂದಿರುಗುತ್ತದೆ. ನಮ್ಮ ಕೊಡಗಿನಲ್ಲಿ ಹುಟ್ಟುವ ಕಾವೇರಿಯ ಕೆಳಭಾಗದಲ್ಲಿ, 1836ರಲ್ಲಿ ಕೊಳ್ಳಿಡಂ ಶಾಖೆಗೆ ಅಣೆಕಟ್ಟುಗಳಾದವು. 1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿಯಿತು. ತರುವಾಯ ಅಲ್ಲಿ ಹಿಲ್ಸಾ ತೀರ ಕ್ಷೀಣಿಸಿತು. 1975ರ ಫರಕ್ಕಾ ಅಣೆಯಿಂದ ಗಂಗೆಯ ಮೇಲ್ಭಾಗದಲ್ಲಿಯೂ ಹಾಗೆಯೇ ಆಯಿತು.

ಇನ್ನು ನಮ್ಮ ಸೀಮೆಗೆ ಬರೋಣ. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ನದಿಗಳು ಕೂಡಿ ಗಂಗೊಳ್ಳಿಯಲ್ಲಿ ಕಡಲನ್ನು ಸೇರುತ್ತವೆ. ಬ್ರಹ್ಮಾವರದ ಕಡೆಯ ಸೀತಾನದಿಯೂ ಸ್ವರ್ಣೆಯೂ ಕೋಡಿಬೆಂಗ್ರೆಯ ಬಳಿ ಸೇರುತ್ತವೆ. ವಾರಾಹಿಗೆ ಘಟ್ಟದ ಮೇಲೆ ಮಾಣಿಯಲ್ಲಿ ಅಣೆಕಟ್ಟುಂಟು. ಆದರೆ ಅದರ ಕೆಳಗಣ ಕುಂಚಿಕಲ್ ಜಲಪಾತವೇ ಮೀನಿಗೆ ಪುರಾತನವಾದ ತಡೆ. ಆದುದರಿಂದ ಎಲ್ಲ ದೋಷವನ್ನೂ ಆ ಅಣೆಯ ಮೇಲೆ ಹೊರಿಸಲಾಗದು. ಕರಾವಳಿಯ ಮೀನಿಗೆ ಹೆಚ್ಚು ಸಂಬಂಧಪಟ್ಟವು ಬಯಲಿನ ಕಿಂಡಿ ಅಣೆಕಟ್ಟುಗಳು. ಉಪ್ಪುನೀರು ಗದ್ದೆಗೆ ನುಗ್ಗದಂತೆ, ಸಿಹಿನೀರು ಹರಿದುಹೋಗದಂತೆ, ಮಳೆಗಾಲ ಕಳೆದ ಮೇಲೆ ಇವುಗಳಿಗೆ ಹಲಗೆ ಹಾಕುತ್ತಾರೆ. ಮುಂದಿನ ಮಳೆಗೆ ಮುನ್ನ ತೆಗೆಯುತ್ತಾರೆ. ರೈತನಿಗೆ ಇವು ಜೀವಾಧಾರವೆಂಬುದು ನಿರ್ವಿವಾದ.

ಮೀನಿನ ಪಂಚಾಂಗವಾದರೂ ಇದೇ ಮಳೆಯನ್ನು ಅನುಸರಿಸಿದುದು. ಮೊದಲ ಮಳೆಗೆ ಹೊಳೆಯ ಮೀನುಗಳು ಹಳ್ಳ ಗದ್ದೆಗಳಿಗೆ ಏರಿ ಮೊಟ್ಟೆಯಿಡುತ್ತವೆ. ಮಲೆನಾಡಿನವರು ಇವನ್ನು ಹತ್ತುಮೀನೆನ್ನುವರು. ನೀರು ಇಳಿಯುವಾಗ ತಾಯಿಮೀನೂ ಮರಿಯೂ ಹೊಳೆಗೆ ಮರಳಬೇಕು. ಸಿಹಿನೀರಿನ ಹಾವುಮೀನಿನ ಕ್ರಮ ಸಾಲ್ಮನ್‌ಗೆ ವಿಪರೀತವಾದುದು: ಅದು ಹೊಳೆಯಲ್ಲಿ ಬೆಳೆದು, ಕಡಲಿಗಿಳಿದು, ಮೊಟ್ಟೆಯಿಟ್ಟು ಅಲ್ಲಿಯೇ ಸಾಯುತ್ತದೆ. ಅದರ ಇಳಿದಾರಿ ಮುಚ್ಚಿದರೆ ಸಂತಾನವೇ ಇಲ್ಲ.

ವರ್ಷವಿಡೀ ಮುಚ್ಚಿರುವ ಅಣೆಗಿಂತ ಕಿಂಡಿ ಅಣೆ ಮೀನಿಗೆ ಮೇಲು. ಏಕೆಂದರೆ ಅದರಲ್ಲಿ ತೆರೆಯುವ ಕಾಲವೊಂದುಂಟು. ಆದರೆ ಆ ಗುಣ ಉಳಿಯುವುದು ಕಾಲನಿಷ್ಠೆಯಿಂದ. ಹಲಗೆ ಹಾಕುವ ದಿನವನ್ನು ಗೊತ್ತುಮಾಡುವಾಗ ಗದ್ದೆಯ ಅಗತ್ಯವನ್ನು ನೋಡುವಂತೆಯೇ ಮೀನಿನ ಇಳಿತವನ್ನೂ ನೋಡಬೇಕು. ಒಂದೆರಡು ಕಿಂಡಿಗಳನ್ನು ಕೊನೆಗೆ ಮುಚ್ಚಿದರೂ ಉಪಕಾರವಾದೀತು. ಕೊಳ್ಳಿಡಂನಲ್ಲಿ ಅಣೆ ಕಟ್ಟಿದವರು ನೀರಿನ ಲೆಕ್ಕವನ್ನು ಮಾತ್ರ ಇಟ್ಟರು. ಅವರ ಅನುಭವ ನಮ್ಮ ಮುಂದಿರುವಾಗ ಅದೇ ತಪ್ಪನ್ನು ನಾವು ಮಾಡಬೇಕಾದುದಿಲ್ಲ.