ಹಳೆಯ ಮೂರು ಚಕ್ರದ ಟೂರಿಂಗ್ ಬೈಕ್: ವರ್ಷಕ್ಕೆ ಹದಿನಾಲ್ಕು ದಿನದ ಲೆಕ್ಕ

ಮಾರುವವರು ಕೇಳಿದ ಬೆಲೆ 13,000 ಡಾಲರ್. ಗಾಡಿ ಮನೆ ಮುಂದೆ ಬಂದು ನಿಂತು, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಮೊದಲ ಸಲ ದೂರದ ದಾರಿಗೆ ಹೊರಡುವ ಹೊತ್ತಿಗೆ ಕೈಬಿಟ್ಟ ಹಣ 17,700 ಡಾಲರ್. ನಡುವಿನ 4,700 ಡಾಲರ್, ಅಂದರೆ ಬೆಲೆಯ ಮೇಲೆ ಶೇ. 36ರಷ್ಟು, ಯಾವ ಜಾಹೀರಾತಿನಲ್ಲೂ ಕಾಣುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹಳೆಯ ಮೂರು ಚಕ್ರದ ಟೂರಿಂಗ್ ಬೈಕ್ ಕೊಳ್ಳಬೇಕೆಂದು ಯೋಚಿಸುವ ಕನ್ನಡಿಗರಿಗಾಗಿ ಈ ಲೆಕ್ಕ.

ಇಂಥ ಗಾಡಿಯ ಮೇಲೆ ಮನಸ್ಸು ಹೋಗುವುದಕ್ಕೆ ಸರಿಯಾದ ಕಾರಣವಿದೆ. ಕಾಲೇಜಿನ ದಿನಗಳಲ್ಲಿ ಬೆಂಗಳೂರಿನಿಂದ ಮಡಿಕೇರಿಗೆ ಬುಲೆಟ್ ಓಡಿಸಿದವರಿಗೆ ಈಗ ಐವತ್ತು ದಾಟಿದೆ. ರಸ್ತೆಯ ಆಸೆ ಹಾಗೇ ಇದೆ, ಮಂಡಿ ಮಾತ್ರ ಮೊದಲಿನಂತಿಲ್ಲ. ಸಿಗ್ನಲ್‌ನಲ್ಲಿ ಭಾರದ ಬೈಕನ್ನು ಕಾಲೂರಿ ಹಿಡಿದು ನಿಲ್ಲಿಸುವುದೇ ಕಷ್ಟ. ಮೂರನೆಯ ಚಕ್ರ ಆ ಕಷ್ಟವನ್ನು ನಿಜವಾಗಿಯೂ ತೆಗೆದುಹಾಕುತ್ತದೆ. ಹಾಗಾಗಿ ಆಸೆಯ ಬಗ್ಗೆ ನನ್ನ ತಕರಾರಿಲ್ಲ. ಆ ಆಸೆಗೆ ವರ್ಷಕ್ಕೆ ಎಷ್ಟು ದಿನ ಸಿಗುತ್ತದೆ ಎಂಬುದೇ ಇಲ್ಲಿರುವ ಪ್ರಶ್ನೆ.

ಯಾವ ಗಾಡಿ, ಯಾವ ವರ್ಷದ್ದು

ಉದಾಹರಣೆಗೆ ಕ್ಯಾನ್-ಆಮ್ ಸ್ಪೈಡರ್ ಆರ್‌ಟಿ ತೆಗೆದುಕೊಂಡಿದ್ದೇನೆ. ಇದರ ತಯಾರಕರು ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್‌ನಲ್ಲಿ ನೆಲೆಸಿದ ಬಿಆರ್‌ಪಿ ಕಂಪನಿ. ಸ್ಪೈಡರ್ ಮೊದಲು ಬಂದದ್ದು 2007ರಲ್ಲಿ. ದೂರ ಪ್ರಯಾಣಕ್ಕೆಂದು ರೂಪಿಸಿದ ಆರ್‌ಟಿ ಬಂದದ್ದು 2010ರ ಮಾಡೆಲ್ ಆಗಿ. ನಮ್ಮ ಆಟೋಗೆ ಮುಂದೆ ಒಂದು, ಹಿಂದೆ ಎರಡು ಚಕ್ರ. ಇದಕ್ಕೆ ಮುಂದೆ ಎರಡು, ಹಿಂದೆ ಒಂದು.

ಹಳೆಯ ಆರ್‌ಟಿ ಹುಡುಕುವಾಗ ನೆನಪಿಡಬೇಕಾದ ಇಸವಿ 2014. ಅದಕ್ಕೆ ಮೊದಲಿನ ಗಾಡಿಗಳಲ್ಲಿ 998 ಸಿಸಿಯ ಎರಡು ಸಿಲಿಂಡರ್ ಎಂಜಿನ್, 100 ಅಶ್ವಶಕ್ತಿ, ಐದು ಗೇರ್. 2014ರಿಂದ 1330 ಸಿಸಿಯ ಮೂರು ಸಿಲಿಂಡರ್ ಎಂಜಿನ್, 115 ಅಶ್ವಶಕ್ತಿ, ಆರು ಗೇರ್. ಮಾರುತಿ ಸ್ವಿಫ್ಟ್ ಕಾರಿನ ಎಂಜಿನ್ 1197 ಸಿಸಿ ಎಂಬುದನ್ನು ನೆನೆದರೆ ಇದರ ಗಾತ್ರ ತಿಳಿಯುತ್ತದೆ. ಹೊಸ ಎಂಜಿನ್‌ಗೆ ಆಯಿಲ್ ಬದಲಾವಣೆಯ ಅವಧಿ 15,000 ಕಿ.ಮೀ., ಅಂದರೆ 9,300 ಮೈಲಿ, ಇಲ್ಲವೇ ಒಂದು ವರ್ಷ, ಯಾವುದು ಮೊದಲೋ ಅದು. ವರ್ಷಕ್ಕೆ ಎಂಟು ಸಾವಿರ ಮೈಲಿ ಓಡಿಸುವವರಿಗೂ ಒಂದೇ ಸರ್ವಿಸ್ ಸಾಕಾಗುತ್ತದೆ. ಎರಡು ಸಾವಿರ ಡಾಲರ್ ಉಳಿಯುತ್ತದೆಂದು 2014ಕ್ಕಿಂತ ಹಿಂದಿನ ಗಾಡಿಗೆ ಕೈಹಾಕುವ ಮುನ್ನ ಈ ಅಂತರ ನೆನಪಿರಲಿ.

2014ರ ಆರ್‌ಟಿಯ ತೂಕ, ಪೆಟ್ರೋಲ್ ಆಯಿಲ್ ಇಲ್ಲದೆಯೇ, 459 ಕಿಲೊ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕಿನ ತೂಕ 195 ಕಿಲೊ. ಅಂಥ ಎರಡನ್ನು ತೂಗಿದರೂ ಇದೇ ಹೆಚ್ಚು ಭಾರ. ಸಾಮಾನು ಇಡುವ ಜಾಗ ಒಟ್ಟು 155 ಲೀಟರ್. ಟ್ಯಾಂಕ್ 26 ಲೀಟರಿನದು, ಸುಮಾರು 6.9 ಗ್ಯಾಲನ್. ಗ್ಯಾಲನ್‌ಗೆ 35 ಮೈಲಿ ಎಂದು ಹಿಡಿದರೆ ಒಮ್ಮೆ ತುಂಬಿಸಿದ ಪೆಟ್ರೋಲಿನಲ್ಲಿ 240 ಮೈಲಿ. ಸ್ಯಾನ್ ಹೋಸೆಯಿಂದ ಯೊಸೆಮಿಟಿ ಕಣಿವೆಗೆ ಸುಮಾರು 200 ಮೈಲಿ. ದಾರಿಯಲ್ಲಿ ಪೆಟ್ರೋಲಿಗೆ ನಿಲ್ಲದೆ ತಲುಪಬಹುದು.

ಇದೇ ಸಾಲಿನ ಇನ್ನೊಂದು ಗಾಡಿ ಹಾರ್ಲೆ-ಡೇವಿಡ್‌ಸನ್‌ನ ಟ್ರೈ ಗ್ಲೈಡ್. 2009ರ ಮಾಡೆಲ್‌ನಿಂದ ಬಂದ ಇದಕ್ಕೆ ಹಿಂದೆ ಎರಡು ಚಕ್ರ, ತೂಕ 500 ಕಿಲೊ ಮೀರಿದ್ದು. ಹೋಂಡಾ ಗೋಲ್ಡ್ ವಿಂಗ್ ಬೈಕಿಗೆ ಬೇರೆ ಕಂಪನಿಯ ಕಿಟ್ ಹಾಕಿ ಮೂರು ಚಕ್ರ ಮಾಡಿದವೂ ಮಾರಾಟಕ್ಕೆ ಬರುತ್ತವೆ. ಅಂಥದ್ದನ್ನು ಕೊಳ್ಳುವುದಾದರೆ ಕಿಟ್ ಯಾರದ್ದು, ಜೋಡಿಸಿದವರು ಯಾರು, ಟೈಟಲ್‌ನಲ್ಲಿ ಏನೆಂದು ನಮೂದಾಗಿದೆ, ಈ ಮೂರನ್ನು ಕಾಗದದ ಮೇಲೆ ನೋಡದೆ ಮುಂಗಡ ಕೊಡಬೇಡಿ.

ಮೊದಲ ತಿಂಗಳ ಖರ್ಚು

ಗಾಡಿಯ ತಾಂತ್ರಿಕ ಅಂಕಿಗಳು ತಯಾರಕರವು. ಇನ್ನು ಮುಂದೆ ಬರುವ ಡಾಲರ್ ಮೊತ್ತಗಳು ಲೆಕ್ಕಕ್ಕೆಂದು ನಾನು ಹಿಡಿದ ಅಂದಾಜು. ನಿಮ್ಮ ಊರಿನ ತೆರಿಗೆ, ನಿಮ್ಮ ವಿಮೆ, ನಿಮ್ಮ ಮೆಕ್ಯಾನಿಕ್ ಹೇಳಿದ ದರ ಹಾಕಿಕೊಂಡು ಇದೇ ಸಾಲುಗಳನ್ನು ಮತ್ತೆ ಬರೆದುಕೊಳ್ಳಿ. 2016ರ ಮಾಡೆಲ್, 24,000 ಮೈಲಿ ಓಡಿದೆ, ಖಾಸಗಿ ವ್ಯಕ್ತಿಯಿಂದ ಕೊಳ್ಳುತ್ತಿದ್ದೀರಿ ಎಂದಿಟ್ಟುಕೊಳ್ಳೋಣ.

ಗಾಡಿಯ ಬೆಲೆ: 13,000 ಡಾಲರ್
ತೆರಿಗೆ, ಶೇ. 9ರಂತೆ: 1,170
ನೋಂದಣಿ, ಟೈಟಲ್ ವರ್ಗಾವಣೆ: 330
ಕೊಳ್ಳುವ ಮುಂಚಿನ ತಪಾಸಣೆ: 200
ಮೂರು ಟಯರ್, ಹಾಕುವ ಕೂಲಿ ಸೇರಿ: 800
ಆಯಿಲ್, ಫಿಲ್ಟರ್, ಬ್ರೇಕ್ ದ್ರವ, ಬ್ಯಾಟರಿ: 600
ಇಬ್ಬರಿಗೆ ಹೆಲ್ಮೆಟ್, ಜಾಕೆಟ್, ಕೈಗವಸು, ಬೂಟು: 1,200
ಮೂರು ಚಕ್ರದ ಸವಾರಿ ತರಬೇತಿ: 400
ಒಟ್ಟು: 17,700 ಡಾಲರ್

ಖಾಸಗಿ ವ್ಯಕ್ತಿಯಿಂದ ಕೊಂಡರೆ ತೆರಿಗೆ ಇಲ್ಲ ಎಂದು ಹಲವರು ತಿಳಿದಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಹಾಗಿಲ್ಲ. ಹೆಸರು ಬದಲಾಯಿಸಲು ಡಿಎಂವಿಗೆ ಹೋದಾಗ ಅಲ್ಲಿಯೇ ತೆರಿಗೆ ಕಟ್ಟಿಸಿಕೊಳ್ಳುತ್ತಾರೆ. ರಾಜ್ಯದ ಕನಿಷ್ಠ ದರ ಶೇ. 7.25, ಕೌಂಟಿ, ನಗರದ ತೆರಿಗೆ ಅದರ ಮೇಲೆ ಸೇರುತ್ತದೆ. ಬೈಕುಗಳಿಗೆ ಅಲ್ಲಿ ಹೊಗೆ ತಪಾಸಣೆ ಇಲ್ಲ, ಆ ಖರ್ಚು ಉಳಿಯುತ್ತದೆ.

ಟಯರ್ ಬಗ್ಗೆ ಎರಡು ಮಾತು. ಮುಂದಿನವು 165/55 ಅಳತೆಯ 15 ಇಂಚಿನವು, ಹಿಂದಿನದು 225/50 ಅಳತೆಯ 15 ಇಂಚಿನದು. ಎಂಜಿನ್ನಿನ ಎಳೆತವೆಲ್ಲ ಹಿಂದಿನ ಒಂದೇ ಟಯರಿನ ಮೇಲೆ ಬೀಳುವುದರಿಂದ ಅದೇ ಮೊದಲು ಸವೆಯುತ್ತದೆ, ಅದೂ ನಡುಭಾಗದಲ್ಲಿ. ಮುಂದಿನ ಟಯರ್ ಒಂದೇ ಅಂಚಿನಲ್ಲಿ ಸವೆದಿದ್ದರೆ ವೀಲ್ ಅಲೈನ್‌ಮೆಂಟ್ ತಪ್ಪಿದೆ ಎಂದರ್ಥ. ಟಯರಿನ ಪಕ್ಕದಲ್ಲಿ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ಮೇಲ್ಮೈ ಹೊಸದರಂತೆ ಕಂಡರೂ ಆರು ವರ್ಷ ದಾಟಿದ ಟಯರನ್ನು ನಂಬಿ ಇಬ್ಬರು ಘಾಟಿ ಇಳಿಯುವುದು ಬೇಡ. ಕಡಿಮೆ ಓಡಿದ ಗಾಡಿಯಲ್ಲೇ ಹಳೆಯ ಟಯರ್ ಸಿಗುವುದು ಹೆಚ್ಚು.

ನಾಲ್ಕು ವರ್ಷದ ಲೆಕ್ಕ

ಕೊಂಡ ಗಾಡಿಯನ್ನು ನಾಲ್ಕು ವರ್ಷ ಇಟ್ಟುಕೊಂಡು ಮಾರುತ್ತೀರಿ ಎಂದುಕೊಳ್ಳೋಣ. ಓಡಲಿ, ನಿಲ್ಲಲಿ, ತಪ್ಪದ ಖರ್ಚುಗಳು ಮೂರು: ವಿಮೆ ವರ್ಷಕ್ಕೆ 700 ಡಾಲರ್, ಎರಡನೆಯ ವರ್ಷದಿಂದ ನೋಂದಣಿ 250, ಸರ್ವಿಸ್ 400. ನಾಲ್ಕು ವರ್ಷಕ್ಕೆ ಒಟ್ಟು 4,750. ಮೊದಲ ತಿಂಗಳ ಖರ್ಚಿನಲ್ಲಿ ಗಾಡಿಯ ಬೆಲೆ, ಟಯರ್ ಬಿಟ್ಟು ಉಳಿದದ್ದು 3,900. ಮಾರುವಾಗ ಅದು ವಾಪಸ್ ಬರುವುದಿಲ್ಲ.

ಓಡಿದಷ್ಟೂ ಬೀಳುವ ಖರ್ಚು ಬೇರೆ. ಪೆಟ್ರೋಲ್ ಗ್ಯಾಲನ್‌ಗೆ 5 ಡಾಲರಿನಂತೆ ಮೈಲಿಗೆ 14 ಸೆಂಟ್. ಟಯರಿನ ಸವೆತ 6 ಸೆಂಟ್. ಮೊದಲೇ ಹಾಕಿಸಿದ 800 ಡಾಲರಿನ ಟಯರ್ ಇದರೊಳಗೇ ಬರುವುದರಿಂದ ಅದನ್ನು ಎರಡು ಸಲ ಎಣಿಸಿಲ್ಲ. ಬ್ರೇಕ್ ಪ್ಯಾಡ್, ಹಿಂದಿನ ಚಕ್ರ ತಿರುಗಿಸುವ ಬೆಲ್ಟ್ ಇತ್ಯಾದಿಗೆ 3 ಸೆಂಟ್ ಎತ್ತಿಡಬೇಕು. ಒಟ್ಟು ಮೈಲಿಗೆ 23 ಸೆಂಟ್. ಕೊನೆಯಲ್ಲಿ ಗಾಡಿ ಎಷ್ಟಕ್ಕೆ ಹೋಗುತ್ತದೆ ಎಂಬುದು ಓಡಿದ ಮೈಲಿಯನ್ನು ನೋಡಿಕೊಂಡಿರುತ್ತದೆ. ಬೆಲೆ ಇಳಿಕೆಯನ್ನು 4,000, 5,000, 6,000 ಡಾಲರ್ ಎಂದು ಮೂರು ಬಗೆಯಲ್ಲಿ ಹಿಡಿದಿದ್ದೇನೆ.

ವರ್ಷಕ್ಕೆ 2,000 ಮೈಲಿ: ನಾಲ್ಕು ವರ್ಷಕ್ಕೆ 14,490 ಡಾಲರ್, ಮೈಲಿಗೆ 1 ಡಾಲರ್ 81 ಸೆಂಟ್
ವರ್ಷಕ್ಕೆ 5,000 ಮೈಲಿ: 18,250 ಡಾಲರ್, ಮೈಲಿಗೆ 91 ಸೆಂಟ್
ವರ್ಷಕ್ಕೆ 8,000 ಮೈಲಿ: 22,010 ಡಾಲರ್, ಮೈಲಿಗೆ 69 ಸೆಂಟ್

ಮೊದಲ ಸಾಲಿಗೂ ಮೂರನೆಯ ಸಾಲಿಗೂ ಓಟ ನಾಲ್ಕು ಪಟ್ಟು ಹೆಚ್ಚಿತು, ಖರ್ಚು ಹೆಚ್ಚಿದ್ದು ಒಂದೂವರೆ ಪಟ್ಟು ಮಾತ್ರ. ಶೆಡ್ಡಿನಲ್ಲಿ ನಿಂತ ಗಾಡಿಯೂ ಓಡುವ ಗಾಡಿಯಷ್ಟೇ ವಿಮೆ ಕೇಳುತ್ತದೆ, ಅಷ್ಟೇ ನೋಂದಣಿ ಕೇಳುತ್ತದೆ. ಬೆಲೆಯಲ್ಲಿ ಐನೂರು ಡಾಲರ್ ಚೌಕಾಸಿ ಮಾಡಿ ಇಳಿಸುವುದು ಒಳ್ಳೆಯದೇ. ಆದರೆ ಈ ಲೆಕ್ಕವನ್ನು ತಿರುಗಿಸುವುದು ಆ ಐನೂರಲ್ಲ, ನೀವು ಓಡಿಸುವ ಮೈಲಿ.

ಬಾಡಿಗೆಯೋ, ಸ್ವಂತವೋ

ಅಮೆರಿಕದ ದೊಡ್ಡ ಊರುಗಳಲ್ಲಿ ಇಂಥ ಗಾಡಿ ದಿನದ ಬಾಡಿಗೆಗೂ ಸಿಗುತ್ತದೆ. ವಿಮೆ ಸೇರಿ ದಿನಕ್ಕೆ 220 ಡಾಲರ್, ದಿನಕ್ಕೆ 200 ಮೈಲಿ ಎಂದು ಹಿಡಿಯೋಣ. ಹೆಲ್ಮೆಟ್, ಜಾಕೆಟ್, ತರಬೇತಿ ಬಾಡಿಗೆಯವರಿಗೂ ಬೇಕು. ಅದಕ್ಕೆ ವರ್ಷಕ್ಕೆ 400 ಡಾಲರ್, ಜೊತೆಗೆ ಪೆಟ್ರೋಲಿನ ಖರ್ಚನ್ನೂ ಸೇರಿಸಿದ್ದೇನೆ.

ವರ್ಷಕ್ಕೆ 10 ದಿನ ಹೋಗುವವರಿಗೆ ಬಾಡಿಗೆ ಸುಮಾರು 2,890 ಡಾಲರ್, ಸ್ವಂತ ಗಾಡಿ 3,620. ಬಾಡಿಗೆಯೇ 730 ಡಾಲರ್ ಅಗ್ಗ. ವರ್ಷಕ್ಕೆ 25 ದಿನ ಹೋಗುವವರಿಗೆ ಬಾಡಿಗೆ 6,610, ಸ್ವಂತ 4,560. ಅಲ್ಲಿ ಸ್ವಂತ ಗಾಡಿ 2,050 ಡಾಲರ್ ಉಳಿಸುತ್ತದೆ. ಎರಡೂ ಸಮವಾಗುವುದು 14 ದಿನಕ್ಕೆ, ಅಂದರೆ ವರ್ಷಕ್ಕೆ 2,800 ಮೈಲಿ, ನಮ್ಮ ಲೆಕ್ಕದಲ್ಲಿ 4,500 ಕಿ.ಮೀ.

ಸಾಲ ಮಾಡಿ ಕೊಂಡರೆ ಈ ಗೆರೆ ಮೇಲೆ ಹೋಗುತ್ತದೆ. 13,000 ಡಾಲರನ್ನು ಶೇ. 9ರ ಬಡ್ಡಿಗೆ 48 ತಿಂಗಳ ಅವಧಿಗೆ ತೆಗೆದರೆ ತಿಂಗಳ ಕಂತು 323 ಡಾಲರ್ ಚಿಲ್ಲರೆ. ಬಡ್ಡಿಯೇ ಸುಮಾರು 2,530. ಆಗ ಸಮವಾಗಲು ವರ್ಷಕ್ಕೆ 17ರಿಂದ 18 ದಿನ ಬೇಕು. ಮಕ್ಕಳ ಶಾಲೆ, ಆಫೀಸಿನ ರಜೆ, ಊರಿಗೆ ಹೋಗುವ ಮೂರು ವಾರ, ಮಳೆಗಾಲದ ವಾರಾಂತ್ಯಗಳು, ಇವನ್ನೆಲ್ಲ ಕಳೆದ ಮೇಲೆ ಅಷ್ಟು ದಿನ ಉಳಿಯುತ್ತದೆಯೇ ಎಂದು ಕ್ಯಾಲೆಂಡರ್ ಮುಂದಿಟ್ಟುಕೊಂಡು ಇಬ್ಬರೂ ಕೂತು ಎಣಿಸಬೇಕು.

ಸಹಿಗೆ ಮುಂಚೆ

ಗಾಡಿಯ 17 ಅಕ್ಷರದ ವಿಐಎನ್ ಸಂಖ್ಯೆ ಕೇಳಿ. ಹತ್ತನೆಯ ಅಕ್ಷರ ಮಾಡೆಲ್ ವರ್ಷ ಹೇಳುತ್ತದೆ: ‘ಇ’ ಎಂದರೆ 2014, ‘ಜಿ’ ಎಂದರೆ 2016. ಜಾಹೀರಾತಿನ ಇಸವಿಗೂ ಅದಕ್ಕೂ ತಾಳೆಯಾಗಬೇಕು. ಅದೇ ಸಂಖ್ಯೆ ಕೊಟ್ಟು ಬಾಕಿ ಉಳಿದ ರೀಕಾಲ್ ಕೆಲಸ ಇದೆಯೇ ಎಂದು ಡೀಲರ್ ಬಳಿ ವಿಚಾರಿಸಿ. ರೀಕಾಲ್ ದುರಸ್ತಿಗೆ ಹಣ ಕೊಡಬೇಕಿಲ್ಲ. ಟೈಟಲ್ ಕಾಗದದಲ್ಲಿ ‘ಸಾಲ್ವೇಜ್’ ಎಂದಿದ್ದರೆ ಹಿಂದೊಮ್ಮೆ ವಿಮಾ ಕಂಪನಿ ಆ ಗಾಡಿಯ ಆಸೆ ಬಿಟ್ಟಿತ್ತು ಎಂದು ತಿಳಿಯಿರಿ, ಎಷ್ಟೇ ಅಗ್ಗವಾದರೂ ಅದನ್ನು ಬಿಟ್ಟು ಮುಂದೆ ಹೋಗಿ. ಸರ್ವಿಸ್ ಬಿಲ್‌ಗಳು ವರ್ಷವಾರು ಇರಬೇಕು, ಮೈಲಿವಾರು ಮಾತ್ರವಲ್ಲ.

ಓಡಿಸಿ ನೋಡದೆ ಕೊಳ್ಳಲೇಬೇಡಿ. ಎರಡು ಚಕ್ರದ ಬೈಕ್ ತಿರುವಿನಲ್ಲಿ ವಾಲುತ್ತದೆ, ಇದು ವಾಲುವುದಿಲ್ಲ. ಮೈ ಹೊರಗೆ ಎಳೆದಂತಾಗುತ್ತದೆ. ಸ್ಪೈಡರ್‌ಗೆ ಕೈಬ್ರೇಕಿನ ಲಿವರ್ ಇಲ್ಲ, ಮೂರೂ ಚಕ್ರ ನಿಲ್ಲುವುದು ಬಲಗಾಲಿನ ಒಂದೇ ಪೆಡಲ್‌ನಿಂದ. ಮೂವತ್ತು ವರ್ಷ ಬೈಕ್ ಓಡಿಸಿದವರ ಬೆರಳು ಇಲ್ಲದ ಲಿವರನ್ನು ಹುಡುಕುತ್ತದೆ. ತರಬೇತಿಯ 400 ಡಾಲರನ್ನು ಪಟ್ಟಿಯಲ್ಲಿ ಬಿಡದೆ ಸೇರಿಸಿದ್ದು ಇದಕ್ಕಾಗಿ. ಕ್ಯಾಲಿಫೋರ್ನಿಯಾದಲ್ಲಿ ಕಾರಿನ ಸಿ ದರ್ಜೆಯ ಲೈಸೆನ್ಸ್‌ನಲ್ಲೇ ಮೂರು ಚಕ್ರದ ಬೈಕ್ ಓಡಿಸಬಹುದು. ಹೆಲ್ಮೆಟ್ ಇಬ್ಬರಿಗೂ ಕಡ್ಡಾಯ. ಬೇರೆ ರಾಜ್ಯಗಳಲ್ಲಿ ನಿಯಮ ಬೇರೆ, ವಾಷಿಂಗ್ಟನ್ ರಾಜ್ಯದಲ್ಲಿ ಮೂರು ಚಕ್ರಕ್ಕೇ ಪ್ರತ್ಯೇಕ ಅನುಮತಿ ಬೇಕು. ಲೈಸೆನ್ಸ್ ಸಿಕ್ಕಿದ ಮಾತ್ರಕ್ಕೆ ಸವಾರಿ ಬಂದಂತಲ್ಲ. ಅಮೆರಿಕದಲ್ಲಿ ಓಡಿದ ಮೈಲಿಗೆ ಹೋಲಿಸಿದರೆ ಬೈಕ್ ಸವಾರರ ಸಾವು ಕಾರಿನವರಿಗಿಂತ 20 ಪಟ್ಟಿಗೂ ಹೆಚ್ಚು. ಮೂರನೆಯ ಚಕ್ರ ಬೀಳುವುದನ್ನು ತಪ್ಪಿಸುತ್ತದೆ, ಎದುರಿನ ಕಾರನ್ನು ತಡೆಯುವುದಿಲ್ಲ. 2025ರ ಜನವರಿಯಿಂದ ಕ್ಯಾಲಿಫೋರ್ನಿಯಾದ ಕನಿಷ್ಠ ವಿಮೆಯಲ್ಲಿ ಒಬ್ಬರಿಗಾದ ಗಾಯಕ್ಕೆ 30,000 ಡಾಲರ್ ರಕ್ಷಣೆ ಇದೆ. ಅದು ಎದುರಿನವರ ಗಾಯಕ್ಕೆ. ನಿಮಗೂ ಹಿಂದೆ ಕೂತವರಿಗೂ ಬೇಕಾದದ್ದನ್ನು ಬೇರೆಯಾಗಿ ಕೇಳಿ ಮಾಡಿಸಿಕೊಳ್ಳಿ.

ಮುಂದೊಂದು ದಿನ ಊರಿಗೆ ಮರಳುವಾಗ ಗಾಡಿಯನ್ನೂ ಒಯ್ಯುವ ಯೋಚನೆ ಇದ್ದರೆ ಅದನ್ನು ಈಗಲೇ ಬಿಡಿ. ತಯಾರಾಗಿ ಮೂರು ವರ್ಷ ದಾಟಿದ ಹಳೆಯ ವಾಹನವನ್ನು ಭಾರತದ ಆಮದು ನಿಯಮ ಒಳಗೆ ಬಿಡುವುದಿಲ್ಲ. ಕೊಂಡಲ್ಲೇ ಮಾರಬೇಕು, ಮೇಲಿನ ಲೆಕ್ಕವೂ ಹಾಗೆಂದೇ ಹಾಕಿದ್ದು.

ನನ್ನ ತೀರ್ಮಾನ ಹೀಗಿದೆ. ಈ ವರ್ಷ ಮೂರು ವಾರಾಂತ್ಯ ಬಾಡಿಗೆ ಗಾಡಿಯಲ್ಲಿ ಹೋಗಿ ಬನ್ನಿ. ಆರು ದಿನಕ್ಕೆ ಬಾಡಿಗೆ, ಪೆಟ್ರೋಲ್ ಸೇರಿ ಸುಮಾರು 1,500 ಡಾಲರ್. ಹಿಂದೆ ಕೂತವರಿಗೂ ಅದು ಹಿಡಿಸಿ, ಮುಂದಿನ ವರ್ಷದ ಕ್ಯಾಲೆಂಡರಿನಲ್ಲಿ 14 ದಿನ ಗುರುತು ಹಾಕಲು ಸಾಧ್ಯವಾದರೆ, 2014 ಅಥವಾ ಅದರ ನಂತರದ ಗಾಡಿಯನ್ನು ಸಾಲವಿಲ್ಲದೆ ಕೊಳ್ಳಿ. ಗುರುತು ಹತ್ತು ದಿನಕ್ಕೇ ನಿಂತರೆ ಬಾಡಿಗೆಯಲ್ಲೇ ಮುಂದುವರಿಯಿರಿ. ಯೊಸೆಮಿಟಿಯ ದಾರಿ ಬಾಡಿಗೆ ಗಾಡಿಗೂ ಅದೇ 200 ಮೈಲಿ.