ಪಾರ್ಲರಿಗೆ ಮೊದಲು ಟ್ಯೂಬಿನ ಹಿಂಬದಿ ಓದಿ
ವಿಶಾಖಪಟ್ಟಣದ ಕಡಲತೀರದ ಬಿಸಿಲು, ವಿಜಯವಾಡದ ಬೇಸಿಗೆ ಎರಡೂ ಚರ್ಮಕ್ಕೆ ಕಠಿಣ. ಅಲ್ಲಿ ವ್ಯಾಕ್ಸಿಂಗ್, ಕೆಮಿಕಲ್ ಪೀಲ್ ಮಾಡಿಸುವವರು ಮೊದಲು ತಾವು ಮನೆಯಲ್ಲಿ ಹಚ್ಚುವ ಕ್ರೀಮಿನ ಹಿಂಬದಿ ಓದಬೇಕು. ಟ್ರೆಟಿನಾಯಿನ್ ಇದ್ದರೆ ವ್ಯಾಕ್ಸ್ ಕೂದಲಿನ ಜೊತೆ ಚರ್ಮದ ಮೇಲ್ಪದರವನ್ನೂ ಕಿತ್ತುಬಿಡಬಹುದು. ಬೆಳ್ಳಗಾಗಲೆಂದು ಹಚ್ಚುವ ಕ್ರೀಮಿನಲ್ಲಿ ಮೊಮೆಟಾಸೋನ್‌ನಂಥ ಸ್ಟೀರಾಯ್ಡ್ ಇದ್ದರೆ ಇನ್ನೂ ಕಷ್ಟ. ದಿನವೂ ಹಚ್ಚುತ್ತಾ ಹೋದರೆ ಚರ್ಮವೇ ತೆಳುವಾಗುತ್ತದೆ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಮಾಡಿದೆ. ಪಾರ್ಲರಿನವರಿಗೆ ಅನುಭವವಿದೆಯಲ್ಲ ಎನ್ನಬಹುದು. ಇದೆ, ನಿಜ, ಆದರೆ ನಾವು ಹೇಳದ ಕ್ರೀಮು ಮುಖ ನೋಡಿದ ಮಾತ್ರಕ್ಕೆ ಅವರಿಗೆ ತಿಳಿಯದು. ನೈಸರ್ಗಿಕವಾದದ್ದು ಅಪಾಯವಲ್ಲ ಎಂಬ ಮಾತೂ ನಿಲ್ಲುವುದಿಲ್ಲ: ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೂ ಚರ್ಮ ಸುಟ್ಟು ಕಪ್ಪಾಗಬಹುದು. ಪದಾರ್ಥಗಳ ಪಟ್ಟಿಯೇ ಇಲ್ಲದ ಡಬ್ಬಿಯನ್ನು ಪಕ್ಕಕ್ಕಿಡಿ. ಸ್ಟೀರಾಯ್ಡ್ ಕಂಡರೆ ಚರ್ಮವೈದ್ಯರನ್ನು ಕೇಳಿಯೇ ಪಾರ್ಲರಿನ ಸಮಯ ಗೊತ್ತುಮಾಡಿ.