ಮನೆಯ ಹಿರಿಯರ ಭಾವಚಿತ್ರ

ನಮ್ಮ ಪಟ್ಟಣಗಳ ನಡುಮನೆಗಳಲ್ಲಿ ತೂಗುಹಾಕಿರುವ ಪಟಗಳನ್ನು ಸ್ವಲ್ಪ ಗಮನವಿಟ್ಟು ನೋಡಿ. ಅಜ್ಜಿಯ ಪಟದಲ್ಲಿ ಅನೇಕ ವೇಳೆ ಹೆಗಲಿನ ಬಳಿ ಬೇರೆ ಯಾರದೋ ಸೀರೆಯ ಅಂಚು ಇಣುಕುತ್ತಿರುತ್ತದೆ. ಯಾವುದೋ ಮದುವೆಯ ಗುಂಪಿನ ಚಿತ್ರದಿಂದ ಮುಖವೊಂದನ್ನೇ ಬಿಡಿಸಿ, ಹಿಗ್ಗಿಸಿ, ಕಟ್ಟು ಹಾಕಿಸಿದ್ದು ಅದು. ಬದುಕಿದ್ದ ಅಷ್ಟು ವರ್ಷ ಒಂದು ಒಳ್ಳೆಯ ಚಿತ್ರ ತೆಗೆಸಲು ನಮಗೆ ಪುರಸತ್ತಾಗುವುದಿಲ್ಲ. ವೈಕುಂಠ ಸಮಾರಾಧನೆಯ ಹೊತ್ತಿಗೆ ಪಟ ಬೇಕೆಂದಾಗ ಪೆಟ್ಟಿಗೆಗಳನ್ನು ತಡಕುತ್ತೇವೆ. ಅಂಚೆಚೀಟಿಯಷ್ಟಿರುವ ಮುಖವನ್ನು ಗೋಡೆಯ ಅಳತೆಗೆ ಹಿಗ್ಗಿಸಿದರೆ ಅದರಲ್ಲಿಲ್ಲದ ವಿವರ ಎಲ್ಲಿಂದ ಬಂದೀತು? ಈಗ ಕಂಪ್ಯೂಟರು ಆ ವಿವರವನ್ನು ಊಹಿಸಿ ತುಂಬಬಲ್ಲದು, ನಿಜ. ಆದರೆ ಅದು ಯಂತ್ರದ ಊಹೆಯೇ ಹೊರತು ಅಜ್ಜಿಯ ಮುಖವಲ್ಲ.

ಕೈಕೈಯಲ್ಲಿ ಕ್ಯಾಮೆರಾ ಇರುವ ಈ ಕಾಲದಲ್ಲಿ ಛಾಯಾಗ್ರಾಹಕನ ಹಂಗೇಕೆ ಎಂದು ನೀವು ಕೇಳಬಹುದು. ಇದರಲ್ಲಿ ದೂರದ ಲೆಕ್ಕ ಒಂದುಂಟು. ಆಕಾಶವಾಣಿಯಲ್ಲಿ ಭಾಷಣ ಮಾಡುವವರನ್ನು ಮೈಕಿನಿಂದ ಇಷ್ಟೇ ದೂರದಲ್ಲಿ ಕೂಡಿಸುವಂತೆ, ಮುಖಕ್ಕೂ ಮಸೂರಕ್ಕೂ ನಡುವೆ ತಕ್ಕ ಅಂತರವಿರಬೇಕು. ಮೂಗಿನ ತುದಿ ಕಿವಿಗಿಂತ ಸುಮಾರು 5 ಅಂಗುಲ ಮುಂದಿದೆ ಎನ್ನಿ. ಒಂದೂವರೆ ಅಡಿಯಿಂದ ಚಿತ್ರ ತೆಗೆದರೆ, ಕಿವಿಯ ಅಳತೆಗೆ ಹೋಲಿಸಿದಾಗ ಮೂಗು ಕಾಲುಪಾಲಿಗೂ ಮಿಕ್ಕಿ ಊದಿಕೊಳ್ಳುತ್ತದೆ. ಆರು ಅಡಿ ಹಿಂದೆ ಸರಿದರೆ ಈ ವ್ಯತ್ಯಾಸ ಹತ್ತನೆಯ ಒಂದು ಪಾಲಿಗೂ ಕಡಿಮೆ. ಆದ್ದರಿಂದಲೇ ಬಲ್ಲವರು 35 ಮಿಲಿಮೀಟರ್ ಫಿಲ್ಮಿನ ಕ್ಯಾಮೆರಾದಲ್ಲಿ ಭಾವಚಿತ್ರಕ್ಕೆಂದು 85ರಿಂದ 105 ಮಿಲಿಮೀಟರ್‌ನ ಮಸೂರವನ್ನು ಆರಿಸಿಕೊಂಡು ಹಿಂದೆ ನಿಲ್ಲುತ್ತಿದ್ದರು. ಸ್ಟುಡಿಯೋ ತೀರ ಇಕ್ಕಟ್ಟಾಗಿದ್ದು, ಕ್ಯಾಮೆರಾ ಮೂಗಿನ ಮುಂದೆಯೇ ಬಂದು ನಿಂತರೆ ಬೇರೆ ಅಂಗಡಿ ನೋಡುವುದು ಲೇಸು.

ಎರಡನೆಯದು ಬೆಳಕು. ಎಡಕ್ಕೊಂದು ಬಲಕ್ಕೊಂದು ದೀಪ ನಿಲ್ಲಿಸಿ, ಬಂದವರನ್ನೆಲ್ಲ ಅದೇ ಸ್ಟೂಲಿನ ಮೇಲೆ ಕೂಡಿಸುವುದು ಪಾಸ್‌ಪೋರ್ಟಿಗೆ ಸಾಕು. ಮುಖ ಮಾತ್ರ ತಟ್ಟೆಯಂತೆ ಚಪ್ಪಟೆಯಾಗುತ್ತದೆ. ಒಂದು ಪಕ್ಕದಿಂದ ಮೆದುವಾಗಿ ಬಿದ್ದ ಬೆಳಕಿನಲ್ಲಿಯೇ ಹಣೆಯ, ಕೆನ್ನೆಯ ಆಕಾರ ಮೂಡುವುದು. ಹಳೆಯ ಯೂರೋಪಿನ ಸ್ಟುಡಿಯೋಗಳು ಉತ್ತರಕ್ಕೆ ಗಾಜಿನ ಮಾಡು ಇಟ್ಟುಕೊಂಡದ್ದು ಈ ಮೆದು ಬೆಳಕಿಗಾಗಿಯೇ. ಆದ್ದರಿಂದ ಅಂಗಡಿಯ ಗಾಜಿನಲ್ಲಿ ಜೋಡಿಸಿಟ್ಟ ಮದುಮಗಳ ಚಿತ್ರಗಳಿಗೆ ಮರುಳಾಗಬೇಡಿ. ಕನ್ನಡಕ ಹಾಕಿದ ವೃದ್ಧರ ಚಿತ್ರ ತೋರಿಸಿರೆಂದು ಕೇಳಿ. ಗಾಜಿನ ಮೇಲೆ ದೀಪದ ಹೊಳಪಿಲ್ಲದೆ, ಹಿಂದಿನ ಕಣ್ಣು ತಿಳಿಯಾಗಿ ಕಾಣುತ್ತಿದ್ದರೆ ಆತ ಕೆಲಸ ಬಲ್ಲವನು.

ಮೈಬಣ್ಣದ ಮಾತನ್ನು ಬಿಚ್ಚಿಯೇ ಹೇಳಬೇಕು. ಕ್ಯಾಮೆರಾದ ಬೆಳಕಿನ ಮಾಪಕ ತನ್ನ ಮುಂದಿರುವುದೆಲ್ಲ ಸರಾಸರಿಗೆ ನಡುಬೂದು ಬಣ್ಣದ್ದೆಂದು ತಿಳಿಯುತ್ತದೆ. ಬಿಳಿಯ ಪರದೆಯ ಮುಂದೆ ಬಿಳಿಯ ಪಂಚೆಯುಟ್ಟ ಎಣ್ಣೆಗೆಂಪಿನ ಅಜ್ಜನನ್ನು ಕೂಡಿಸಿದರೆ ಆ ಬಿಳುಪನ್ನು ತಗ್ಗಿಸಲು ಹೋಗಿ ಮುಖವನ್ನು ಇನ್ನಷ್ಟು ಕಪ್ಪಾಗಿಸುತ್ತದೆ. ಪಳಗಿದವನು ಮುಖದ ಬೆಳಕನ್ನೇ ಅಳೆದು ಚಿತ್ರ ತೆಗೆಯುತ್ತಾನೆ. ಅರೆಗಲಿತವನು ತೆಗೆದ ಮೇಲೆ ಸುಣ್ಣ ಬಳಿದಂತೆ ಬೆಳ್ಳಗೆ ಮಾಡಿಕೊಡುತ್ತಾನೆ. ತಿದ್ದುವುದೇನೂ ಹೊಸದಲ್ಲ, ಗಾಜಿನ ನೆಗೆಟಿವ್ ಇದ್ದ ಕಾಲದಲ್ಲೂ ಪೆನ್ಸಿಲಿನಿಂದ ಸುಕ್ಕು ಮುಚ್ಚುತ್ತಿದ್ದರು. ಈಗ ಅದು ಕ್ಷಣದ ಕೆಲಸವಾಗಿರುವುದರಿಂದ ಕೇಳದೆಯೇ ಮಾಡಿಬಿಡುತ್ತಾರೆ. ಹೆಣ್ಣುಮಕ್ಕಳ ವಧುಪರೀಕ್ಷೆಯ ಚಿತ್ರಗಳಲ್ಲಂತೂ ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ: ಆ ಹುಡುಗಿಗೆ ಅವಳ ಬಣ್ಣ ಸಾಲದೆಂದು ಮೊದಲು ಹೇಳುವವನು ಫೋಟೋ ಅಂಗಡಿಯವನಾಗುತ್ತಾನೆ. ಬಣ್ಣ ಬದಲಿಸಕೂಡದು, ಸುಕ್ಕು ಅಳಿಸಕೂಡದು ಎಂದು ಮುಂಗಡ ಕೊಡುವ ಮೊದಲೇ ತಿಳಿಸಿಬಿಡಿ.

ಛಾಯಾಗ್ರಾಹಕ ಜನರೊಡನೆ ಹೇಗೆ ನಡೆದುಕೊಳ್ಳುತ್ತಾನೆ ಎಂಬುದೂ ಮುಖ್ಯ. 1941ರ ಡಿಸೆಂಬರಿನಲ್ಲಿ ಆಟವಾದಲ್ಲಿ ಯೂಸುಫ್ ಕಾರ್ಷ್ ಎಂಬಾತ ಚರ್ಚಿಲ್ಲರ ಬಾಯಿಂದ ಚುಟ್ಟವನ್ನೇ ಕಿತ್ತುಕೊಂಡು, ಮರುಕ್ಷಣ ಅವರ ಮುಖದಲ್ಲಿ ಮೂಡಿದ ಸಿಡುಕನ್ನು ಚಿತ್ರದಲ್ಲಿ ಹಿಡಿದ, ಅದು ಜಗತ್ಪ್ರಸಿದ್ಧವಾಯಿತು. ನಿಮ್ಮ ಅಜ್ಜಿಯ ಎಲೆಯಡಿಕೆಯ ಚೀಲಕ್ಕೆ ಯಾರೂ ಕೈಹಾಕಬೇಕಾಗಿಲ್ಲ. ಅವರು ಸಂಕೋಚ ಮರೆತು ಮಾತಿಗೆ ತೊಡಗುವವರೆಗೆ ಕಾಯುವ ತಾಳ್ಮೆಯಿದ್ದರೆ ಸಾಕು. ಲಾಲಾ ದೀನ್ ದಯಾಳರು ಇದನ್ನು ಚೆನ್ನಾಗಿ ಅರಿತಿದ್ದರು. 1892ರಲ್ಲಿ ಹೈದರಾಬಾದಿನಲ್ಲಿ ಅವರು ಗೋಷಾ ಸ್ತ್ರೀಯರಿಗಾಗಿಯೇ ಬೇರೊಂದು ಸ್ಟುಡಿಯೋ ತೆರೆದರು. ಅದನ್ನು ನಡೆಸುತ್ತಿದ್ದವರೂ ಒಬ್ಬ ಮಹಿಳೆಯೇ. ಮಹಡಿ ಹತ್ತಲಾರದ ಹಿರಿಯರಿದ್ದರೆ ಮನೆಗೇ ಬರುವಿರಾ ಎಂದು ಕೇಳಿ. ಹಜಾರದ ಕಿಟಕಿಯ ಪಕ್ಕ, ದಿನವೂ ಕೂರುವ ಕುರ್ಚಿಯಲ್ಲಿ ಅವರ ಮುಖ ತಾನಾಗಿ ಸಡಿಲಗೊಳ್ಳುತ್ತದೆ.

ಹಕ್ಕಿನ ವಿಷಯ ಎಷ್ಟೋ ಜನಕ್ಕೆ ತಿಳಿಯದು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ, ನೀವು ಹಣ ಕೊಟ್ಟು ಹೇಳಿ ತೆಗೆಸಿದ ಚಿತ್ರದ ಸ್ವಾಮ್ಯ ಮೊದಲಿಗೆ ನಿಮ್ಮದೇ, ಬೇರೆ ಕರಾರು ಮಾಡಿಕೊಂಡಿರದಿದ್ದರೆ. ಆದ್ದರಿಂದ ಯಾವುದಾದರೂ ಕಾಗದಕ್ಕೆ ರುಜು ಹಾಕಿಸಿಕೊಂಡರೆ ಓದಿ ನೋಡಿ. ಪ್ರಿಂಟಿನ ಜೊತೆಗೆ ಮೂಲ ಫೈಲನ್ನೂ ಪೂರ್ಣ ಅಳತೆಯಲ್ಲಿ ಕೇಳಿ ಪಡೆಯಿರಿ. 12 ಅಂಗುಲಕ್ಕೆ 18 ಅಂಗುಲದ ಪಟ ಅಂಗುಲಕ್ಕೆ 300 ಬಿಂದುಗಳಂತೆ ಚೊಕ್ಕಟವಾಗಿ ಬರಬೇಕಾದರೆ ಸುಮಾರು 2 ಕೋಟಿ ಬಿಂದುಗಳು ಬೇಕು. ವಾಟ್ಸ್ಯಾಪಿನಲ್ಲಿ ಸಾಮಾನ್ಯವಾಗಿ ಕಳುಹಿಸುವ ಚಿತ್ರ ಅಷ್ಟನ್ನು ಉಳಿಸಿಕೊಳ್ಳುವುದಿಲ್ಲ. ಫೈಲನ್ನು ಎರಡು ಕಡೆ ಇಡಿ.

ಪಟವನ್ನು ನೇರ ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ, ಬಣ್ಣ ಹಾರುತ್ತದೆ. ಹೆಸರು, ಊರು, ಇಸವಿಗಳನ್ನು ಚಿತ್ರದ ಬೆನ್ನಿಗೆ ಮೆದು ಪೆನ್ಸಿಲಿನಿಂದ ಬರೆದಿಡಿ. ಬಾಲ್‌ಪೆನ್ ಒತ್ತಿದರೆ ಗೆರೆ ಮುಂದಿನ ಮುಖದ ಮೇಲೆ ಎದ್ದುಬಿಡುತ್ತದೆ. ಕಾಗದ ನುಣುಪಾಗಿ ಪೆನ್ಸಿಲು ಹಿಡಿಯದಿದ್ದರೆ ಕಟ್ಟಿನ ಹಿಂಬದಿಯ ರಟ್ಟಿನ ಮೇಲೆ ಬರೆದರಾಯಿತು.